ಭಾನುವಾರ ನಾಯಿ-ಬೆಕ್ಕುಗಳ ಫಿಸಿಯೋಥೆರಪಿ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7.30ಕ್ಕೆ ಮಂಗಳೂರಿನ ಬಿಜೈಯ ನಮ್ಮ ಮನೆ ಅಂಗಳಕ್ಕೆ ಪಶುವೈದ್ಯರು ಬರುತ್ತಾರೆ. ಆಪರೇಷನ್ ಆದ, ಹಿಂಗಾಲು ಎಳೆಯುವ, ವಯಸ್ಸಾಗಿ ಕೀಲು ಹಿಡಿದ ನಾಯಿ-ಬೆಕ್ಕುಗಳಿಗೆ ಮನೆಯಲ್ಲೇ ಮಾಡಿಸಬಹುದಾದ ವ್ಯಾಯಾಮ ತೋರಿಸಿಕೊಡುತ್ತಾರೆ. ಹೆದ್ದಾರಿಯಲ್ಲಿ ಗಾಡಿ ಬಡಿದ ಬೀದಿನಾಯಿಗಳನ್ನು ನೋಡಿಕೊಳ್ಳುತ್ತಿರುವವರು ಖಂಡಿತ ಬನ್ನಿ.

ಎಕ್ಸ್‌ರೇ, ಔಷಧಿ ಚೀಟಿ, ಲಸಿಕೆ ಪುಸ್ತಕ ತನ್ನಿ. ನಾಯಿಗೆ ಬೆಲ್ಟ್ ಕಡ್ಡಾಯ. ಬೆಕ್ಕನ್ನು ತರಬೇಕೆಂದಿಲ್ಲ, ಮನೆಯಲ್ಲಿ ನಡೆದಾಡುವ ವಿಡಿಯೋ ಸಾಕು. ಹೊಸ ಜಾಗದಲ್ಲಿ ಅದು ಹೇಗೂ ಮುದುಡಿ ಕೂರುತ್ತದೆ, ಅಲ್ವಾ?

ಪಣಂಬೂರು ಬೀಚಿನಲ್ಲಿ ನಾಯಿಯನ್ನು ಈಜಿಸಬಹುದಾ ಎಂದು ಕೆಲವರು ಕೇಳಿದ್ದೀರಿ. ನೀರಿನಲ್ಲಿ ಮೈಭಾರ ಕೀಲಿನ ಮೇಲೆ ಹೆಚ್ಚು ಬೀಳುವುದಿಲ್ಲ, ಹಾಗಾಗಿ ಈಜು ಒಳ್ಳೆಯದೇ. ಆದರೆ ಅಲೆಗಳ ನಡುವೆ ಬೇಡ. ಹೊಲಿಗೆ ಮಾಯುವವರೆಗೆ ನೀರೇ ಬೇಡ.

ಭಾನುವಾರದವರೆಗೆ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ, ಉದ್ದ ಉಗುರು ಕತ್ತರಿಸಿ. ಜಾರುವ ನೆಲದಲ್ಲೇ ಜಾಸ್ತಿ ಪೆಟ್ಟಾಗುವುದು. ಬಿಸಿ ಶಾಖ ಹಳೆಯ ಕೀಲುನೋವಿಗೆ ಮಾತ್ರ, ಊದಿದ ಹೊಸ ಪೆಟ್ಟಿಗಲ್ಲ. ನಮ್ಮ ನೋವಿನ ಮಾತ್ರೆ ದಯವಿಟ್ಟು ಕೊಡಬೇಡಿ. ಒಂದೇ ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಹುದು. ಐಬುಪ್ರೊಫೆನ್ ನಾಯಿಗೂ ವಿಷ.

ಡ್ಯಾಶ್‌ಹಂಡ್ (ಉದ್ದ ಮೈಯ, ಗಿಡ್ಡ ಕಾಲಿನ ನಾಯಿ) ಸಾಕಿದವರೇ, ಅದು ಇದ್ದಕ್ಕಿದ್ದಂತೆ ಹಿಂಗಾಲು ಎಳೆದರೆ ಭಾನುವಾರಕ್ಕೆ ಕಾಯಬೇಡಿ. ಬೆನ್ನಿನ ಡಿಸ್ಕ್ ತೊಂದರೆ ಇರಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಪ್ರಾಣಿಯ ಹೆಸರು, ವಯಸ್ಸು, ತೊಂದರೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ. ಕಚ್ಚುವ ಅಭ್ಯಾಸ ಇದ್ದರೆ ಅದನ್ನೂ ತಿಳಿಸಿ, ಅಂಥವುಗಳಿಗೆ ಬೇರೆ ಸಮಯ ಕೊಡುತ್ತೇನೆ.