ಮಗಳಿಗೆ, ರಿಫ್ಲೆಕ್ಷನ್ ಬಗ್ಗೆ ಕಾಕಾನ ಪತ್ರ

ಮುಧೋಳ

ಚಿ. ಮಗಳಿಗೆ, ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀನು ಬೆಳಗಾವಿಗೆ ಸುಖವಾಗಿ ಮುಟ್ಟಿದೆ ಅಂತ ನಿಮ್ಮಪ್ಪ ಹೇಳಿದ.

ಕಾರಹುಣ್ಣಿಮೆಗೆ ಬಂದಾಗ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಒಂದು ಫಂಕ್ಷನ್ ತೋರಿಸಿದೆಯಲ್ಲ, ಅದು ಇನ್ನೂ ನನ್ನ ತಲೆಯಲ್ಲಿದೆ. ಯಾವ ಆಬ್ಜೆಕ್ಟ್ ಕೊಟ್ಟರೂ ಅದರೊಳಗಿನ ಫೀಲ್ಡ್‌ಗಳ ಹೆಸರು, ವ್ಯಾಲ್ಯೂ ಎಲ್ಲ ಓದಿ ಲಾಗ್‌ಗೆ, ಅಂದರೆ ಪ್ರೋಗ್ರಾಂ ತನ್ನ ಕೆಲಸ ದಾಖಲಿಸುವ ಫೈಲಿಗೆ, ಬರೆಯುತ್ತದೆ. "ಇನ್ನ ಮ್ಯಾಲೆ ಒಂದೊಂದು ಕ್ಲಾಸಿಗೂ ಬ್ಯಾರೆ ಬ್ಯಾರೆ ಬರೆಯೋದ ಬ್ಯಾಡ ಕಾಕಾ" ಅಂದಾಗ ನಿನ್ನ ಮುಖ ಅರಳಿತ್ತು. ಅಷ್ಟರಲ್ಲಿ ಓಣಿಗೆ ಎತ್ತುಗಳು ಬಂದವು, ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹೇಳಬೇಕಾದದ್ದು, ನಿನ್ನ ಕೋಡ್ ಚೆನ್ನಾಗಿದೆ. ರಿಫ್ಲೆಕ್ಷನ್, ಅಂದರೆ ಪ್ರೋಗ್ರಾಂ ಓಡುವಾಗಲೇ ಒಂದು ಕ್ಲಾಸಿನ ಒಳಗನ್ನು ನೋಡಿ ಓದುವ ಈ ವಿದ್ಯೆ, ಕೆಟ್ಟದ್ದಲ್ಲ. 1997ರಲ್ಲಿ ಬಂದ ಜಾವಾ ಭಾಷೆಯ 1.1 ಆವೃತ್ತಿಯಿಂದಲೂ ಅದು ಇದೆ. ನೀನು ದಿನಾ ಬಳಸುವ ಸ್ಪ್ರಿಂಗ್, ಹೈಬರ್ನೇಟ್, ಜ್ಯಾಕ್ಸನ್ ಲೈಬ್ರರಿಗಳೆಲ್ಲ ಅದರ ಮೇಲೇ ನಿಂತಿವೆ. ನೀನು ಬರೆಯುವ ಕ್ಲಾಸ್ ಹೇಗಿರುತ್ತದೆ ಅಂತ ಅವುಗಳನ್ನು ಬರೆದವರಿಗೆ ಗೊತ್ತಿರಲಿಲ್ಲ. ಪ್ರೋಗ್ರಾಂ ಓಡುವಾಗಲೇ ನೋಡಿ ತಿಳಿಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಗೊತ್ತಿರುವ ಕ್ಲಾಸನ್ನು ಗೊತ್ತಿಲ್ಲದ ಹಾಗೆ ಓದಬೇಡ ಮಗಳೇ. ಅದಕ್ಕೆ ನಾನು ತೆತ್ತ ಬೆಲೆ ಹೇಳುತ್ತೇನೆ.

ಆಗ ನಾನು ಈ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ರೈತರ ಕಬ್ಬಿನ ಬಿಲ್ ಚೀಟಿ ಛಾಪಿಸುವ ಪ್ರೋಗ್ರಾಂ ನನ್ನದೇ. ಹೆಸರು, ಊರು, ತೂಕ, ದರ, ಕಡಿತ, ಹೀಗೆ ಐದು ಕಾಲಂ. ಶೀರ್ಷಿಕೆಗಳನ್ನು ಕೈಯಿಂದ ಬರೆದಿದ್ದೆ. ಅವುಗಳ ಕೆಳಗಿನ ವ್ಯಾಲ್ಯೂ ಮಾತ್ರ, ಕ್ಲಾಸಿನ ಫೀಲ್ಡ್‌ಗಳ ಪಟ್ಟಿ ಕೊಡುವ ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್ ಅನ್ನುವ ರಿಫ್ಲೆಕ್ಷನ್ ಕರೆ ಕೊಟ್ಟ ಕ್ರಮದಲ್ಲಿ ಬರುತ್ತಿತ್ತು. ಎರಡು ಹಂಗಾಮು ಏನೂ ತೊಂದರೆ ಆಗಲಿಲ್ಲ. ಮೂರನೆಯ ಹಂಗಾಮಿಗೆ ಜೊತೆಯ ಹುಡುಗ ಬಿಲ್ ಕ್ಲಾಸಿನಲ್ಲಿ ತೂಕಕ್ಕೂ ದರಕ್ಕೂ ನಡುವೆ 'ಮುಂಗಡ' ಅಂತ ಒಂದು ಫೀಲ್ಡ್ ಸೇರಿಸಿದ. ಅವನ ತಪ್ಪೇನಿಲ್ಲ, ಸೇರಿಸಬೇಕಾದ್ದೇ ಅದು. ಕಂಪೈಲರ್ ತಕರಾರು ಮಾಡಲಿಲ್ಲ. ನನ್ನ ಫೈಲನ್ನು ಯಾರೂ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ಹಿರಿಯರು ಚೀಟಿ ಹಿಡಿದು ಕಿಟಕಿಗೆ ಬಂದರು. ಕಾಟಾದ ಹತ್ತಿರ ರಾತ್ರಿಯೆಲ್ಲ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತವರು. "ಸಾಹೇಬ್ರ, ನಾ ತಗೊಂಡ 5,000 ಮುಂಗಡ ದರದ ಕೆಳಗ ಬಂದೈತಿ. ದರ ಹೋಗಿ ಕಡಿತದಾಗ ಕುಂತೈತಿ. ಇದರಾಗ ನನ್ನ ರೊಕ್ಕ ಯಾವುದ್ರಿ?" ಅಂದರು. ಚೀಟಿಯ ತುದಿ ಬೆವರಿಗೆ ಮೆತ್ತಗಾಗಿತ್ತು. ಆ ದಿನ ಹೋದ ಚೀಟಿಗಳನ್ನೆಲ್ಲ ವಾಪಸ್ ತರಿಸಿ ಮತ್ತೆ ಛಾಪಿಸಿದೆವು. ಅವರ ಪ್ರಶ್ನೆ ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಫೀಲ್ಡ್‌ಗಳು ಇಂಥದ್ದೇ ಕ್ರಮದಲ್ಲಿ ಬರುತ್ತವೆ ಅನ್ನುವ ಭರವಸೆ ಇಲ್ಲ ಅಂತ ಜಾವಾದ ದಾಖಲೆಯಲ್ಲೇ ಬರೆದಿದೆ. ನಾನು ಓದಿರಲಿಲ್ಲ. ಮೆಥಡ್‌ಗಳದ್ದೂ ಅದೇ ಕಥೆ. 2011ರಲ್ಲಿ ಜಾವಾ 7 ಬಂದಾಗ ಅವುಗಳ ಕ್ರಮ ಏರುಪೇರಾಗಿ, ಅದನ್ನೇ ನಂಬಿದ್ದ ಟೆಸ್ಟ್‌ಗಳು ಬಿದ್ದವು. ಕೊನೆಗೆ ಟೆಸ್ಟ್ ಓಡಿಸುವ ಜೆಯುನಿಟ್‌ನವರು ತಮ್ಮ 4.11 ಆವೃತ್ತಿಯಲ್ಲಿ ತಮ್ಮದೇ ಒಂದು ಸ್ಥಿರ ಕ್ರಮ ತರಬೇಕಾಯಿತು.

ಇನ್ನೊಂದು ಮಾತು. ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್ ಆ ಒಂದು ಕ್ಲಾಸಿನ ಪೆಟ್ಟಿಗೆ ಮಾತ್ರ ತೆಗೆದು ತೋರಿಸುತ್ತದೆ, ಅಪ್ಪ ಅಜ್ಜಂದಿರಿಂದ, ಅಂದರೆ ಮೇಲಿನ ಕ್ಲಾಸುಗಳಿಂದ, ಬಂದದ್ದನ್ನು ತೋರಿಸುವುದಿಲ್ಲ. ಅದು ಬೇಕಿದ್ದರೆ ಗೆಟ್‌ಸೂಪರ್‌ಕ್ಲಾಸ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಿನ್ನ ಲಾಗ್‌ನಲ್ಲಿ ಐಡಿ ಬರುತ್ತಿಲ್ಲ ಅಂದೆಯಲ್ಲ? ಅದು ಬೇಸ್ ಕ್ಲಾಸಿನಲ್ಲಿರಬೇಕು, ನೋಡು.

ಫೀಲ್ಡಿನ ಹೆಸರನ್ನು ಸ್ಟ್ರಿಂಗ್ ಆಗಿ ಬರೆದರೆ ಅದನ್ನು ಕಾಯುವವರು ಯಾರೂ ಇಲ್ಲ. ನಾಳೆ ಯಾರೋ ಹೆಸರು ಬದಲಿಸುತ್ತಾರೆ, ಕಂಪೈಲ್ ಸುಮ್ನೆ ಆಗಿಬಿಡುತ್ತದೆ, ಪ್ರೋಗ್ರಾಂ ಓಡುವಾಗ ಬೀಳುತ್ತದೆ. ಆಂಡ್ರಾಯ್ಡ್‌ನಲ್ಲಂತೂ ಆ್ಯಪ್ ಗಾತ್ರ ಇಳಿಸುವ ಆರ್8 ಅನ್ನುವ ಸಾಧನ ಹೆಸರುಗಳನ್ನೇ ಮೊಟಕು ಮಾಡುತ್ತದೆ. ಬಿಡಬೇಕಾದ ಹೆಸರುಗಳನ್ನು ಮೊದಲೇ ಹೇಳಿಡಬೇಕು.

ಈಗ ನನಗೆ ನಿಜವಾಗಿ ಚಿಂತೆಯಾದ ಸಾಲು. ನೀನು ಸೆಟ್‌ಆಕ್ಸೆಸಿಬಲ್‌ಗೆ ಟ್ರೂ ಕೊಟ್ಟು ಪ್ರೈವೇಟ್ ಫೀಲ್ಡ್‌ಗಳನ್ನೂ, ಅಂದರೆ ಹೊರಗಿನ ಕೋಡ್ ಮುಟ್ಟಬಾರದು ಅಂತ ಇಟ್ಟವನ್ನೂ, ತೆರೆದಿದ್ದೀಯ. ಬರೆದವರು ಬಾಗಿಲು ಹಾಕಿದ್ದಕ್ಕೆ ಏನೋ ಕಾರಣ ಇರುತ್ತದೆ, ಅಲ್ವಾ? ಜಾವಾದವರೂ ಇದನ್ನು ಬಿಗಿ ಮಾಡುತ್ತಲೇ ಬಂದರು. 2017ರ ಜಾವಾ 9ರಲ್ಲಿ, ಒಳಗಿನ ಕೋಡನ್ನು ಹೊರಗಿನವರಿಂದ ಮುಚ್ಚಿಡುವ ಮಾಡ್ಯೂಲ್‌ಗಳು ಬಂದವು. 2021ರ ಹೊತ್ತಿಗೆ, ಜಾವಾದ ಸ್ವಂತ ಕ್ಲಾಸುಗಳ ಒಳಗನ್ನು ಹೀಗೆ ತೆರೆಯಲು ಹೋದರೆ ನೇರ ಎಕ್ಸೆಪ್ಶನ್ (ದೋಷ) ಬರುವ ಹಾಗೆ ಮಾಡಿದರು. ಆದರೆ ನಿನ್ನ ಗ್ರಾಹಕರ ಕ್ಲಾಸಿಗೆ ಆ ಕಾವಲು ಇಲ್ಲ. ಅದರಲ್ಲಿ ಫೋನ್ ನಂಬರ್ ಇತ್ತು, ಪಾಸ್‌ವರ್ಡ್ ಇತ್ತು, ನಾನು ಕಣ್ಣಾರೆ ನೋಡಿದೆ. ಎರಡೂ ಲಾಗ್‌ಗೆ ಹೋಗುತ್ತಿವೆ.

ಹೀಗೆ ಮಾಡು. 'ಲಾಗ್‌ಗೆ ಬರಲಿ' ಅಂತ ಒಂದು ಆನೊಟೇಶನ್, ಅಂದರೆ ಕೋಡಿಗೆ ಹಚ್ಚುವ ಗುರುತು, ಮಾಡಿಕೊ. ಅದನ್ನು ಹಚ್ಚಿದ ಫೀಲ್ಡ್ ಮಾತ್ರ ಓದು. ಬೇಡವಾದದ್ದಕ್ಕೆ ಗುರುತು ಹಾಕುವ ಉಲ್ಟಾ ದಾರಿ ಹಿಡಿಯಬೇಡ, ಹೊಸಬರು ಒಬ್ಬರು ಮರೆತರೆ ಗುಟ್ಟು ಹೊರಗೆ. ಆ ಆನೊಟೇಶನ್ ಎಲ್ಲಿಯವರೆಗೆ ಉಳಿಯಬೇಕು ಅಂತ ಹೇಳುವ ರಿಟೆನ್ಷನ್ ಅನ್ನು ರನ್‌ಟೈಮ್ ಅಂತ ಬರೆಯಲು ಮರೆಯಬೇಡ. ಇಲ್ಲದಿದ್ದರೆ ಓಡುವಾಗ ಆ ಗುರುತು ಕಾಣುವುದೇ ಇಲ್ಲ, ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತೀಯ. ಕ್ರಮ ಬೇಕಿದ್ದರೆ ಆ ಆನೊಟೇಶನ್‌ನಲ್ಲೇ ಒಂದು ಸಂಖ್ಯೆ ಕೊಡು. ನಾನು ಆ ಚೀಟಿ ಪ್ರೋಗ್ರಾಂ ತಿದ್ದುವಾಗ ರಿಫ್ಲೆಕ್ಷನ್ನೇ ತೆಗೆದು ಐದು ಸಾಲು ಕೈಯಿಂದ ಬರೆದೆ. ಒಂದೇ ಕ್ಲಾಸಿಗೆ ಅದಕ್ಕಿಂತ ಜಾಸ್ತಿ ಬೇಕಿರಲಿಲ್ಲ.

ಈ ಪತ್ರ ಓದಿದ ದಿನವೇ ಹಳೆಯ ಲಾಗ್ ಫೈಲ್‌ಗಳನ್ನು ತೆಗೆದು ನೋಡು. ಪಾಸ್‌ವರ್ಡ್ ಸಿಕ್ಕರೆ ಮುಚ್ಚಿಡಬೇಡ, ನಿಮ್ಮ ಮೇಲಿನವರಿಗೆ ನೀನೇ ಹೋಗಿ ಹೇಳು, ಅಳಿಸಲು ಅವರ ಜೊತೆ ಕೂರು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಮುಗಿದ ಮೇಲೆ ನನಗೆ ಫೋನ್ ಮಾಡು.

ಇಂತಿ ನಿನ್ನ
ಕಾಕಾ