ಹಳೆ ಹಾಡು ಸ್ವಲ್ಪ ದಿನ ಸಾಕು, ಮಾರಾಯಾ

ಮಾರಾಯಾ,

ಅಮೆರಿಕದ ರಾಕ್ ಬ್ಯಾಂಡ್ ಫ್ಲೇಮಿಂಗ್ ಲಿಪ್ಸ್‌ನ 'ಎಂಬ್ರಯಾನಿಕ್' ಆಲ್ಬಂ ಮತ್ತೆ ಕೇಳಿದೆ. ಪೂರ್ತಿ, ಮಧ್ಯೆ ಎದ್ದು ಹೋಗದೆ. ನೀನು ಮೂರನೇ ಹಾಡಿಗೇ ನಿಲ್ಲಿಸಿ ಹೆಡ್‌ಫೋನ್ ವಾಪಸ್ ಕೊಟ್ಟವನು. ಅದಕ್ಕೇ ಈ ಪತ್ರ ನಿನಗೆ. ಬೇರೆಯವರೂ ಓದುತ್ತಾರೆ, ಗೊತ್ತು. ಹಾಗಾಗಿ ಸಾಗರದ ಲಾಡ್ಜಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

2009ರಲ್ಲಿ ಆ ಬ್ಯಾಂಡ್ ಯಾವ ಸ್ಥಿತಿಯಲ್ಲಿತ್ತು ನೋಡು. ಒಕ್ಲಹೋಮಾ ಸಿಟಿಯಲ್ಲಿ 1983ರಲ್ಲಿ ಶುರುವಾದ ತಂಡ. ಆ ಹೊತ್ತಿಗೆ ಅವರ ಶೋ ಅಂದರೆ ಜಾತ್ರೆ. ಬಲೂನು, ಬಣ್ಣದ ಕಾಗದದ ಚೂರು, ಪ್ರಾಣಿ ವೇಷ ಹಾಕಿ ಕುಣಿಯುವ ಜನ. ಮುಖ್ಯ ಹಾಡುಗಾರ ವೇನ್ ಕಾಯ್ನ್ ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ನಿಂತು ಜನರ ತಲೆ ಮೇಲೆ ನಡೆದು ಹೋಗುತ್ತಿದ್ದ. ಅದೇ ವರ್ಷ ಅವರ 'ಡೂ ಯು ರಿಯಲೈಸ್' ಒಕ್ಲಹೋಮಾ ರಾಜ್ಯದ ಅಧಿಕೃತ ರಾಕ್ ಹಾಡಾಯಿತು. ಜನ ವೋಟು ಹಾಕಿ ಆರಿಸಿದ್ದರು. ಬೇಸ್ ನುಡಿಸುವ ಮೈಕಲ್ ಐವಿನ್ಸ್ ಕುಡುಗೋಲು-ಸುತ್ತಿಗೆಯ ಟಿ-ಶರ್ಟ್ ಹಾಕಿಕೊಂಡು ಶಾಸನಸಭೆಗೆ ಬಂದಿದ್ದ ಅಂತ ಕೆಲವು ಸದಸ್ಯರು ತಕರಾರು ತೆಗೆದರು. ಮೂರು ಮತ ಸಾಲದೆ ನಿರ್ಣಯ ಬಿತ್ತು. ಕೊನೆಗೆ ಗವರ್ನರ್ ಬ್ರ್ಯಾಡ್ ಹೆನ್ರಿ ತಾವೇ ಆದೇಶ ಹೊರಡಿಸಿದರು.

ಅಂಥ ಹಾಡು ಇನ್ನೂ ಹತ್ತು ಮಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಅಲ್ವಾ? ಅಕ್ಟೋಬರ್‌ನಲ್ಲಿ ಬಂದದ್ದು ಎಂಬ್ರಯಾನಿಕ್. 18 ಹಾಡು, ಸುಮಾರು 70 ನಿಮಿಷ. ಡ್ರಮ್ಸ್ ಒಡೆದ ಸ್ಪೀಕರಿನಿಂದ ಬಂದ ಹಾಗೆ ಕೇಳುತ್ತದೆ. ಬೇಸ್ ಎಲ್ಲಕ್ಕಿಂತ ಮುಂದೆ, ವೇನ್ ದನಿ ಎಲ್ಲೋ ಹಿಂದೆ. ಒಂದು ಹಾಡಿಗೆ ಗಾಯಕಿ ಕ್ಯಾರೆನ್ ಓ ಫೋನಿನಲ್ಲೇ ಪ್ರಾಣಿಗಳ ಕೂಗು ಕೂಗಿ ಕೊಟ್ಟಿದ್ದಾಳೆ. ಇನ್ನೊಂದರಲ್ಲಿ ಜರ್ಮನಿಯ ಗಣಿತಜ್ಞನೊಬ್ಬ ಮಾತಾಡುತ್ತಾನೆ. ಸ್ನಾನ ಮಾಡುತ್ತಾ ಗುನುಗುವಂಥದ್ದು ಜಾಸ್ತಿ ಸಿಗುವುದಿಲ್ಲ. ವೇನ್‌ಗೆ ಆಗ 48 ವರ್ಷ.

ಈ ಹುಚ್ಚು ಅವರಲ್ಲಿ ಮೊದಲೇ ಇತ್ತು. 1996ರಲ್ಲಿ ಒಂದಷ್ಟು ಜನರಿಗೆ ಬೇರೆಬೇರೆ ಕ್ಯಾಸೆಟ್ ಕೊಟ್ಟು, ಕಾರ್ ಪಾರ್ಕಿಂಗಿನಲ್ಲಿ ಎಲ್ಲ ಕಾರುಗಳಲ್ಲೂ ಒಟ್ಟಿಗೆ ಹಾಕಿಸಿದ್ದರು. ಮರುವರ್ಷ 'ಜೈರೀಕಾ' ಬಂತು. ನಾಲ್ಕು ಸಿಡಿ, ನಾಲ್ಕನ್ನೂ ಬೇರೆಬೇರೆ ಪ್ಲೇಯರಿನಲ್ಲಿ ಒಂದೇ ಹೊತ್ತಿಗೆ ಹಾಕಬೇಕು. ಯಾವ ಎರಡು ಪ್ಲೇಯರೂ ಪೂರ್ತಿ ಜೊತೆಗೆ ಓಡುವುದಿಲ್ಲ. ಹಾಗಾಗಿ ಪ್ರತಿ ಸಲವೂ ಅದು ಬೇರೆ ಆಲ್ಬಂ. ಒಬ್ಬನೇ ಕೂತು ಕೇಳುವುದಕ್ಕೂ ಆಗುವುದಿಲ್ಲ, ಜನ ಬೇಕು. ಇದನ್ನು ಒಂದು ದೊಡ್ಡ ಕಂಪನಿ ದುಡ್ಡು ಹಾಕಿ ಹೊರತಂದಿತು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ. ಎಂಬ್ರಯಾನಿಕ್ ಕೇಳುವಾಗ ಆ ಧೈರ್ಯ ವಾಪಸ್ ಬಂದದ್ದು ಗೊತ್ತಾಗುತ್ತದೆ. ಚಪ್ಪಾಳೆ ಇನ್ನೂ ಬೀಳುತ್ತಿರುವಾಗಲೇ ಬಂತು ಅನ್ನುವುದು ನನಗೆ ದೊಡ್ಡದು.

ಈಗ ನಮ್ಮ ವಿಷಯ. ಕಳೆದ ಸಲ ಸಿಕ್ಕಾಗ ನೀನು ಕಂಡಕ್ಟರ್ ಕಥೆ ಹೇಳಿದೆ. ನಾನು ಮೇಷ್ಟ್ರ ಛತ್ರಿ ಕಥೆ ಹೇಳಿದೆ. ಇಬ್ಬರೂ ಚೆನ್ನಾಗಿ ನಕ್ಕೆವು. ಆ ನಗು ನಿಜ. ಆದರೆ ನಾನು ಬಂದದ್ದು ಬೇರೆ ಮಾತಿಗೆ. ಊರಿನ ಮನೆ ಮಾರುತ್ತಿದ್ದೇವೆ. ತಮ್ಮ ಸಹಿ ಹಾಕಿದ. ನನ್ನ ಸಹಿ ಬಾಕಿ ಇದೆ, ಕೈ ಬರುತ್ತಿಲ್ಲ. ಅಟ್ಟದಲ್ಲಿ ನಿನ್ನ ಗಿಟಾರ್ ಇನ್ನೂ ಇದೆ. ರಾತ್ರಿ ಎಚ್ಚರವಾದರೆ ಆ ಮನೆಯ ಒಂದೊಂದೇ ಕೋಣೆಗೆ ಹೋಗಿ ಬರುತ್ತೇನೆ. ಇದನ್ನೆಲ್ಲ ನಿನಗೆ ಹೇಳಬೇಕಿತ್ತು. ನಮ್ಮಿಬ್ಬರ ನಡುವೆ ಹಳೆ ಹಿಟ್ ಹಾಡುಗಳು ಅಷ್ಟು ಚೆನ್ನಾಗಿ ಓಡುತ್ತಿವೆ, ಹೊಸದಕ್ಕೆ ಜಾಗವೇ ಸಿಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಭಯವಾಯಿತು. ನಿನ್ನ ಹತ್ತಿರವೂ ಹೀಗೆ ಏನೋ ಒಂದು ಉಳಿದುಹೋಗಿತ್ತೇನೋ ಅನ್ನಿಸಿತು.

ಇಷ್ಟು ಬರೆಯುವ ಅಂದಾಜು ಇರಲಿಲ್ಲ. ಬರೆದಾಯಿತು, ಇರಲಿ.

ಮುಂದಿನ ತಿಂಗಳು ಮನೆ ಖಾಲಿ ಮಾಡೋಕೆ ಹೋಗುತ್ತೇನೆ. ನೀನೂ ಬಾ, ಗಿಟಾರ್ ತಗೊಂಡು ಹೋಗು. ಜೈರೀಕಾದ ನಾಲ್ಕೂ ಸಿಡಿ ಫೋನಿಗೆ ಹಾಕಿಕೊಂಡು ಬರುತ್ತೇನೆ. ನಡುಮನೆ, ಅಡುಗೆಮನೆ, ಅಟ್ಟ, ಜಗಲಿ, ಒಂದೊಂದು ಕಡೆ ಒಂದೊಂದು ಫೋನ್ ಇಡೋಣ. ಒಂದು ನನ್ನದು, ಒಂದು ನಿನ್ನದು, ಮೂರನೆಯದು ತಮ್ಮನದು. ನಾಲ್ಕನೆಯದಕ್ಕೆ ಮೇಷ್ಟ್ರನ್ನೇ ಕರೆಯೋಣ. ಅವರು ಖಂಡಿತ ತಡವಾಗಿ ಒತ್ತುತ್ತಾರೆ. ಒತ್ತಲಿ, ಆ ಆಲ್ಬಂಗೆ ಅದೇ ಸರಿ.