ಮಣ್ಣನ್ನು ಒಮ್ಮೆ ಮಾತ್ರ ಓದಬಹುದು: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಪರಂಪರೆಯ ಮಾತು ಬಂದಾಗಲೆಲ್ಲ ವೇದಿಕೆಯ ಮೇಲೆ ‘ಭವ್ಯ’ ಎಂಬ ಪದ ಕೇಳಿ ಕೇಳಿ ಕಿವಿ ದಣಿದಿದೆ. ನಾನು ಬರೆಯುತ್ತಿರುವುದು ಭವ್ಯತೆಯ ಗೊಡವೆಯಿಲ್ಲದ ಬೂದಿ, ಇದ್ದಿಲು, ಮಡಕೆಯ ಚೂರು, ಸುಟ್ಟ ಕಾಳುಗಳ ಬಗ್ಗೆ.

ಇದ್ದಿಲಿನ ಒಂದು ತುಣುಕು ಸಿಕ್ಕರೆ, ಅದರಲ್ಲುಳಿದ, ಕಾಲ ಸರಿದಂತೆ ಕ್ಷೀಣಿಸುತ್ತ ಹೋಗುವ ಇಂಗಾಲ-14 ಎಂಬ ಬಗೆಯ ಇಂಗಾಲದ ಪ್ರಮಾಣವನ್ನು ಅಳೆದು ಅದರ ಕಾಲವನ್ನು ಲೆಕ್ಕ ಹಾಕಬಹುದು. ಆದರೆ ಅದು ಮಣ್ಣಿನ ಯಾವ ಪದರದಲ್ಲಿ, ಯಾವ ಚೂರಿನ ಪಕ್ಕದಲ್ಲಿ ಬಿದ್ದಿತ್ತೆಂದು ಗೊತ್ತಿದ್ದರೆ ಮಾತ್ರ ಆ ಲೆಕ್ಕ ಒಂದು ಒಲೆಯ, ಒಂದು ಮನೆಯ ಕಾಲವಾಗುತ್ತದೆ. ಕಳುವಾದ ಮೂರ್ತಿ ಎಂದಾದರೂ ಮರಳಿ ಬಂದೀತು; ನಿಧಿಗಳ್ಳ ಕಲಕಿದ ಮಣ್ಣು ಮತ್ತೆ ಪದರಗೊಳ್ಳುವುದಿಲ್ಲ. ಕಾಮಗಾರಿಯ ಯಂತ್ರವೂ ಮಾಡುವುದು ಇದನ್ನೇ, ಅನುಮತಿ ಪತ್ರದ ಸಮೇತ. ಹಾಗೆ ನೋಡಿದರೆ ತಜ್ಞರ ಉತ್ಖನನವೂ ಒಂದು ಬಗೆಯ ನಾಶವೇ. ಅವರು ಕೆಡಿಸಿದ್ದನ್ನು ಬರೆದಿಡುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಿರುವಾಗ ವರದಿಯೇ ಪ್ರಕಟವಾಗದ ಉತ್ಖನನವನ್ನು ಏನೆಂದು ಕರೆಯೋಣ?

‘ಇದರಿಂದ ಜನರಿಗೇನು ಲಾಭ?’ ಬಜೆಟ್ ಹೊತ್ತಿನಲ್ಲಿ ಏಳುವ ಈ ಪ್ರಶ್ನೆ ನ್ಯಾಯವಾದದ್ದೇ. ಜಪಾನಿನ ಸೆಂಡಾಯ್ ಬಯಲಿನ ನೆಲದಡಿ, ಕಡಲಿನಿಂದ ಬಹುದೂರದವರೆಗೆ, ಮರಳಿನ ಒಂದು ತೆಳು ಪದರವಿದೆ. ಕ್ರಿ.ಶ. 869ರ ಜೋಗನ್ ಸುನಾಮಿ ತಂದು ಹರಡಿದ ಮರಳು ಅದು. ಆ ದುರಂತದ ವಿವರ ಹಳೆಯ ರಾಜವೃತ್ತಾಂತದಲ್ಲಿಯೂ ಇದೆ. ಸಂಶೋಧಕರು ಎರಡನ್ನೂ ಜೋಡಿಸಿ ನೋಡಿ, ಅಂಥದ್ದು ಮತ್ತೆ ಬರಬಹುದೆಂದು 2011ರ ಮಹಾ ಸುನಾಮಿಗೆ ಮೊದಲೇ ಎಚ್ಚರಿಸಿದ್ದರು. ಮಣ್ಣನ್ನು ಓದಿದವರಿದ್ದರು; ಅವರ ಮಾತಿಗೆ ಸಮಯಕ್ಕೆ ಕಿವಿಗೊಟ್ಟವರು ಕಡಿಮೆ. ಅದೇ ದೇಶದ ಅನೆಯೋಷಿ ಎಂಬ ಹಳ್ಳಿಯಲ್ಲಿ, 1933ರ ಸುನಾಮಿಯ ಬಳಿಕ ನೆಟ್ಟ ಕಲ್ಲೊಂದು ‘ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ’ ಎನ್ನುತ್ತದೆ. ಹಳ್ಳಿಯವರು ಕಟ್ಟಲಿಲ್ಲ. 2011ರಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ದೊಡ್ಡ ಕಾಮಗಾರಿಗೆ ಗುದ್ದಲಿ ಪೂಜೆ ಮಾಡುವ ಮುನ್ನ ಪುರಾತತ್ವ ತಜ್ಞರು ನೆಲವನ್ನು ನೋಡಲಿ, ಆ ಖರ್ಚು ಕಾಮಗಾರಿಯ ಅಂದಾಜಿನಲ್ಲೇ ಸೇರಲಿ. ಯುರೋಪಿನ ದೇಶಗಳು ಪುರಾತತ್ವ ಪರಂಪರೆಯ ರಕ್ಷಣೆಗಾಗಿ ಮಾಡಿಕೊಂಡ 1992ರ ವಲೆಟ್ಟಾ ಒಪ್ಪಂದದಲ್ಲಿ ಇಂಥದ್ದನ್ನು ಒಪ್ಪಿಕೊಂಡಿವೆ. ಬಾಕಿ ಉಳಿದ ಉತ್ಖನನ ವರದಿಗಳಿಗೆ ಗಡುವು ಕೊಡಿ. ಸ್ಮಾರಕಗಳಿಗೆ ಬಣ್ಣದ ದೀಪ ಹಾಕಿಸುವ ಹಣದಲ್ಲಿ ಒಂದು ಪಾಲು ವಸ್ತುಸಂಗ್ರಹಾಲಯಗಳ ಉಗ್ರಾಣಗಳ ಬೆಂಕಿ ಸುರಕ್ಷತೆಗೆ ಹೋಗಲಿ. 2018ರಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿದಾಗ, ಸುಮಾರು 2 ಕೋಟಿ ವಸ್ತುಗಳ ಸಂಗ್ರಹದ ಬಹುಪಾಲು ಒಂದೇ ರಾತ್ರಿಯಲ್ಲಿ ಹೋಯಿತು.

ಮುಂದಿನ ಸಲ ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಭೇಟಿ ಕೊಟ್ಟಾಗ, ಹಾರ ತುರಾಯಿ ಮುಗಿದ ಮೇಲೆ, ಉಗ್ರಾಣದ ಬೀಗ ತೆಗೆಸಿ ಒಳಗೆ ಹತ್ತು ನಿಮಿಷ ನಿಂತು ನೋಡಿ ಬನ್ನಿ.

ಇಂತಿ,
ಒಬ್ಬ ಮತದಾರ